74 ಡಿಗ್ರಿಯಲ್ಲಿ ನಾಲ್ಕು ಚುಕ್ಕೆ: ಯಾವುದು ಯಾವ ಉಪಗ್ರಹ?

ತೆಂಗಿನತೋಪು

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಹತ್ತಿರದ ನಮ್ಮ ತೋಟದಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು 8 ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್, 800 ಮಿಲಿಮೀಟರ್ ಫೋಕಲ್ ಲೆಂತ್, ಒಂದು ಕಪ್ಪುಬಿಳುಪು ಕ್ಯಾಮೆರಾ. ಇಷ್ಟು ದಿನ ನೆಬ್ಯುಲಾ ಹಿಡಿಯುತ್ತಿದ್ದೆ.

ಹೋದ ವಾರ ಮೌಂಟಿನ ಮೋಟರ್, ಅಂದರೆ ಟೆಲಿಸ್ಕೋಪನ್ನು ನಕ್ಷತ್ರಗಳ ಜೊತೆ ತಿರುಗಿಸುವುದು, ನಿಂತಿದ್ದು ಗೊತ್ತಾಗಲೇ ಇಲ್ಲ. 5 ಸೆಕೆಂಡಿನ ಫೋಟೋ ಸುಮಾರು ಇನ್ನೂರು ತೆಗೆದಿದ್ದೆ. ನಕ್ಷತ್ರಗಳೆಲ್ಲ ಗೆರೆಗಳಾಗಿದ್ದವು. ರಾತ್ರಿ ಪೂರ್ತಿ ವೇಸ್ಟ್ ಅಂದುಕೊಂಡು ಅಳಿಸುವುದರಲ್ಲಿದ್ದೆ. ಆಗ ನೋಡಿದರೆ ಗೆರೆಗಳ ನಡುವೆ ನಾಲ್ಕು ಚುಕ್ಕೆಗಳು ಕದಲದೆ ಕೂತಿವೆ. ಸೆನ್ಸಾರ್ ಹಾಳಾಯಿತೇನೋ ಎಂದು ಹೆದರಿಕೆಯಾಯಿತು. ಮಾರನೇ ದಿನ ಅದೇ ಜಾಗಕ್ಕೆ ತಿರುಗಿಸಿ ಟ್ಯೂಬನ್ನು ಸ್ವಲ್ಪ ತಳ್ಳಿ ನೋಡಿದೆ. ಚುಕ್ಕೆಗಳೂ ಸರಿದವು. ಅಂದರೆ ಅವು ಆಕಾಶದಲ್ಲೇ ಇವೆ.

ಜಾಗ ಲೆಕ್ಕ ಹಾಕಿದೆ. ದಕ್ಷಿಣಕ್ಕೆ, ನೆತ್ತಿಯಿಂದ 15-16 ಡಿಗ್ರಿ ಕೆಳಗೆ, ಒಂಚೂರು ಪಶ್ಚಿಮಕ್ಕೆ. 74 ಡಿಗ್ರಿ ಪೂರ್ವ ರೇಖಾಂಶದ ಭೂಸ್ಥಿರ ಉಪಗ್ರಹಗಳ ಜಾಗ ಅದು. ಅಲ್ಲಿರುವವು ಎಂದು ಸಿಕ್ಕಿದ ಹೆಸರುಗಳು ಜಿಸ್ಯಾಟ್-7, ಜಿಸ್ಯಾಟ್-11, ಜಿಸ್ಯಾಟ್-18 ಮತ್ತು ಇನ್ಸಾಟ್-3ಡಿಆರ್. ನಾಲ್ಕು ಹೆಸರು, ನಾಲ್ಕು ಚುಕ್ಕೆ. ಪಶ್ಚಿಮದಿಂದ ಪೂರ್ವಕ್ಕೆ ಕ, ಖ, ಗ, ಘ ಎಂದು ಕರೆಯುತ್ತಿದ್ದೇನೆ. ಯಾವುದು ಯಾವುದು ಎಂದು ಹೇಳುವುದು ಹೇಗೆ?

ಹೊಸಬಿ

ಮೊಬೈಲ್ ಆಪ್‌ಗಳಲ್ಲಿ ಉಪಗ್ರಹದ ಹೆಸರು ಬರುತ್ತದಲ್ಲ? ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ಆಯಿತು, ಅಲ್ವಾ?

ಡಿಶ್_ರಿಪೇರಿ

ನಮ್ಮ ಕೆಲಸದಲ್ಲಿ ಈ ತಲೆನೋವೇ ಇಲ್ಲ. 90 ಸೆಂಟಿಮೀಟರ್ ಡಿಶ್‌ಗೆ ಕೆಯು ಬ್ಯಾಂಡಿನಲ್ಲಿ (ಮನೆ ಟಿವಿ ಡಿಶ್‌ಗಳ ಫ್ರೀಕ್ವೆನ್ಸಿ) ಸುಮಾರು 2 ಡಿಗ್ರಿ ಅಗಲ ಕಾಣುತ್ತದೆ. ನಾಲ್ಕೂ ಒಂದೇ ಉಪಗ್ರಹ ಇದ್ದ ಹಾಗೆ. ಫ್ರೀಕ್ವೆನ್ಸಿ ಬದಲಾಯಿಸಿದರೆ ಉಪಗ್ರಹ ಬದಲಾಯಿತು, ಅಷ್ಟೇ.

ಅಂದಾಜಿಗೆ ಹೇಳುವುದಾದರೆ ಜಾಸ್ತಿ ಹೊಳೆಯುವುದೇ ಜಿಸ್ಯಾಟ್-11 ಇರಬೇಕು. 5854 ಕಿಲೋ ತೂಕ. ಇಸ್ರೋ ಅಷ್ಟು ಭಾರದ ಉಪಗ್ರಹವನ್ನು ಅದಕ್ಕೆ ಮೊದಲು ಕಟ್ಟಿರಲಿಲ್ಲ.

ಫೋಟಾನ್_ಎಣಿಕೆ

ಮೊದಲು ತೆಂಗಿನತೋಪು ಅವರಿಗೆ ಅಭಿನಂದನೆ. ಮೋಟರ್ ನಿಲ್ಲಿಸುವುದೇ ಇದಕ್ಕೆ ಸರಿಯಾದ ವಿಧಾನ. ನೀವು ಅಪ್ಪಿತಪ್ಪಿ ಮಾಡಿದ್ದನ್ನು ಉಳಿದವರು ಬೇಕೆಂದೇ ಮಾಡುತ್ತಾರೆ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತವೆ. 5 ಸೆಕೆಂಡಿಗೆ 75. (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು.) ಉಪಗ್ರಹ ನಮ್ಮ ಜೊತೆಗೇ ಸುತ್ತುವುದರಿಂದ ಚುಕ್ಕೆಯಾಗಿ ಉಳಿಯುತ್ತದೆ.

ಡಿಶ್_ರಿಪೇರಿ ಅವರೇ, ಭಾರ ಜಾಸ್ತಿ ಇದ್ದರೆ ಹೊಳಪು ಜಾಸ್ತಿ ಇರಬೇಕೆಂದೇನಿಲ್ಲ. ನಮಗೆ ಕಾಣುವುದು ಸೂರ್ಯನ ಬೆಳಕು ಯಾವ ಮುಖಕ್ಕೆ ಬಡಿದು ಯಾವ ಕಡೆ ಹೋಯಿತು ಎಂಬುದು. ದೊಡ್ಡ ಸೋಲಾರ್ ಫಲಕ ಬೇರೆ ಕಡೆ ಮುಖ ಮಾಡಿದ್ದರೆ ಮಂಕಾಗಿ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸಣ್ಣದೇ ಅದನ್ನು ಮೀರಿಸಿರುತ್ತದೆ. ಒಂದು ರಾತ್ರಿಯ ಒಂದು ಫೋಟೋ ನೋಡಿ ಹೊಳಪಿನ ಮೇಲೆ ಹೆಸರು ಹೇಳಿದರೆ ನಾಣ್ಯ ಚಿಮ್ಮಿದ ಹಾಗೆ.

ಆಕಾರ ನೋಡಿ ಗುರುತಿಸೋಣ ಎಂದರೆ ಆಗುವುದಿಲ್ಲ. ಭೂಸ್ಥಿರ ಕಕ್ಷೆ ಇರುವುದು 35,786 ಕಿ.ಮೀ. ಎತ್ತರದಲ್ಲಿ. ರೆಕ್ಕೆ ಚಾಚಿದರೆ 30 ಮೀಟರ್ ಇರುವ ಉಪಗ್ರಹ ಅಲ್ಲಿಂದ ನಮಗೆ 0.17 ಆರ್ಕ್‌ಸೆಕೆಂಡ್ ಅಷ್ಟೇ. ನಮ್ಮ ಗಾಳಿಯ ನಡುಕವೇ ಒಳ್ಳೆಯ ರಾತ್ರಿ 1 ಆರ್ಕ್‌ಸೆಕೆಂಡ್, ಸಾಮಾನ್ಯ ರಾತ್ರಿ 2. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ಲಿಗೆ ಆ ದೂರದಲ್ಲಿ ಸುಮಾರು 175 ಮೀಟರ್ ಬೀಳುತ್ತದೆ. ಐದಾರು ಉಪಗ್ರಹಗಳನ್ನು ಸಾಲಾಗಿ ಅದರೊಳಗೆ ನಿಲ್ಲಿಸಬಹುದು.

ಹೊಸಬಿ, ಆಪ್‌ನ ವಿಷಯ ಇನ್ನೊಂದು ಸಲ ಬರೆಯುತ್ತೇನೆ. ಅದರಲ್ಲಿ ಕಾಲು ಜಾರಿ ಬೀಳುವ ಗುಂಡಿ ಒಂದಿದೆ.

ನಿವೃತ್ತ_ಟೆಲಿಮೆಟ್ರಿ

ಉಪಗ್ರಹ ನಿಯಂತ್ರಣದ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಉಪಗ್ರಹದ ಒಡೆಯರಿಗೆ ಈ ಗೊಂದಲ ಇರುವುದಿಲ್ಲ. ನಿಮ್ಮ ಅರಸೀಕೆರೆಯಿಂದ ಒಂದು ಗಂಟೆ ದಾರಿಯ ಹಾಸನದಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇನ್ಸಾಟ್‌ಗಳನ್ನು ಸಂಭಾಳಿಸುತ್ತಿರುವ ಜಾಗ. ಭೋಪಾಲದ್ದು ಆಮೇಲೆ ಬಂದಿದ್ದು, 2005ರಲ್ಲಿ. ಅಲ್ಲಿಂದ ಒಂದು ಸಂಕೇತ ಕಳಿಸಿದರೆ ಉಪಗ್ರಹ ಅದನ್ನು ತನ್ನದೇ ಫ್ರೀಕ್ವೆನ್ಸಿಯಲ್ಲಿ ವಾಪಸ್ ಕಳಿಸುತ್ತದೆ. ಹೋಗಿ ಬಂದ ಸಮಯದಿಂದ ದೂರ ಗೊತ್ತಾಗುತ್ತದೆ. ಉತ್ತರ ಕೊಟ್ಟವನು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ಹೆಸರು ಕರೆದೇ ಮಾತಾಡಿಸಿರುತ್ತೇವಲ್ಲ.

ಗೊಂದಲ ಆಗುವುದು ಹೊರಗಿನಿಂದ ನೋಡುವವರಿಗೆ. ಮಾತಾಡದ ಉಪಗ್ರಹ, ಸತ್ತ ಉಪಗ್ರಹ, ಬೇರೆಯವರ ಉಪಗ್ರಹ ಇವುಗಳ ವಿಷಯದಲ್ಲಿ ಎಲ್ಲರೂ ಹೊರಗಿನವರೇ.

ಒಂದೇ ರೇಖಾಂಶದಲ್ಲಿ ನಾಲ್ಕು ಇಡುವುದು ಹೇಗೆ ಎಂದೂ ಹೇಳಿಬಿಡುತ್ತೇನೆ. 74 ಡಿಗ್ರಿ ಅಂದರೆ ಒಂದು ಬಿಂದು ಅಲ್ಲ, ಒಂದು ಡಬ್ಬಿ. ಸಾಮಾನ್ಯವಾಗಿ ಎರಡೂ ಕಡೆ 0.1 ಡಿಗ್ರಿ, ಅಂದರೆ ಒಟ್ಟು ಸುಮಾರು 150 ಕಿ.ಮೀ. ಅಗಲ. ಅದರೊಳಗೆ ಪ್ರತಿಯೊಂದರ ಕಕ್ಷೆಯನ್ನೂ ಬೇಕೆಂದೇ ಸ್ವಲ್ಪ ಓರೆ, ಸ್ವಲ್ಪ ಮೊಟ್ಟೆಯಾಕಾರ ಮಾಡಿರುತ್ತಾರೆ. ಓರೆಯ ದಿಕ್ಕು, ಮೊಟ್ಟೆಯ ದಿಕ್ಕು ಒಂದರದು ಇನ್ನೊಂದಕ್ಕಿಲ್ಲ. ಹಾಗಾಗಿ ಅವು ದಿನಕ್ಕೊಂದು ಸಲ ಒಂದರ ಸುತ್ತ ಒಂದು ತಿರುಗುತ್ತವೆ. ಕೋಲಾಟದವರು ಜಾಗ ಬದಲಾಯಿಸುತ್ತಾರಲ್ಲ, ಹಾಗೆ. ಕೋಲು ಮಾತ್ರ ತಾಗಬಾರದು.

ಫೋಟಾನ್_ಎಣಿಕೆ

ಇದನ್ನೇ ಹೇಳಬೇಕೆಂದಿದ್ದೆ. ಮೊಟ್ಟೆಯಾಕಾರದ ಅಳತೆ ಬರೀ 0.0003 ಇದ್ದರೂ ಉಪಗ್ರಹ ದಿನದಲ್ಲಿ ಪೂರ್ವಕ್ಕೆ 25 ಕಿ.ಮೀ., ಪಶ್ಚಿಮಕ್ಕೆ 25 ಕಿ.ಮೀ. ತೂಗಾಡುತ್ತದೆ. ಇಲ್ಲಿಂದ ನೋಡಿದರೆ ಆಚೆಗೂ ಈಚೆಗೂ ಸುಮಾರು 145 ಆರ್ಕ್‌ಸೆಕೆಂಡ್. ನಿಮ್ಮ ಫೋಟೋದಲ್ಲಿ ಅದು ದೊಡ್ಡ ಓಡಾಟ. ಹಾಗಾಗಿ ಪಶ್ಚಿಮದಿಂದ ಪೂರ್ವಕ್ಕೆ ಕ, ಖ, ಗ, ಘ ಎಂಬ ನಿಮ್ಮ ಸಾಲು ಬೆಳಗಿನ ಜಾವಕ್ಕೆ ಬದಲಾಗಿರಬಹುದು. ನಾಳೆ ಸಂಜೆ ಮತ್ತೆ ಪಶ್ಚಿಮದ್ದನ್ನೇ ಕ ಎಂದು ಕರೆದರೆ ಕೆಟ್ಟಿತು. ರಾತ್ರಿಯಿಡೀ ಬಿಡದೆ ಹಿಂಬಾಲಿಸಿ.

ಈಗ ಆಪ್‌ನ ಗುಂಡಿ. ಆಪ್‌ಗಳು ಟಿಎಲ್ಇ ಎಂಬ ಎರಡು ಸಾಲಿನ ಕಕ್ಷೆಯ ಅಂಕಿಗಳನ್ನು ಬಳಸುತ್ತವೆ. ಸಾರ್ವಜನಿಕವಾಗಿ ಸಿಗುವ ಆ ಅಂಕಿಗಳಲ್ಲಿ ಕೆಲವು ಕಿಲೋಮೀಟರ್ ತಪ್ಪು ಸಾಮಾನ್ಯ. ಉಪಗ್ರಹ ತನ್ನ ಎಂಜಿನ್ ಸ್ವಲ್ಪ ಉರಿಸಿದ ಮೇಲೆ ಹಳೇ ಅಂಕಿ ಇನ್ನೂ ಕೆಡುತ್ತದೆ. ಒಂಟಿ ಉಪಗ್ರಹಕ್ಕೆ ಇದರಿಂದ ಏನೂ ಆಗಲ್ಲ, ಹತ್ತಿರದ ಚುಕ್ಕೆಯೇ ಅದು. ಗುಂಪಿನಲ್ಲಿ ಹಾಗಲ್ಲ. ಎರಡು ಹತ್ತಿರ ಬಂದು ದಾಟಿದ ಮೇಲೆ ಹೆಸರುಗಳು ಅದಲುಬದಲಾಗಬಹುದು. ರೇಡಾರ್, ಟೆಲಿಸ್ಕೋಪ್ ಇಟ್ಟು ಪಟ್ಟಿ ಮಾಡುವ ದೊಡ್ಡವರಿಗೇ ಆಗುತ್ತದೆ. ಈ ಅದಲುಬದಲನ್ನು ಕ್ರಾಸ್ ಟ್ಯಾಗಿಂಗ್ ಅನ್ನುತ್ತಾರೆ. ಆಪ್ ಆ ತಪ್ಪನ್ನು ಬಹಳ ಧೈರ್ಯವಾಗಿ ನಿಮಗೆ ತೋರಿಸುತ್ತದೆ.

ಹುಬ್ಬಳ್ಳಿ_ಮುಗಿಲು

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. 74 ಡಿಗ್ರಿಯ ಪಕ್ಕದ ಮನೆಯ ಕಥೆ ಯಾರೂ ಹೇಳಲಿಲ್ಲವಲ್ಲ!

ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲ, ಚೂರು ಚಪ್ಪಟೆ. ಅದರಿಂದ ಭೂಸ್ಥಿರ ಕಕ್ಷೆಯಲ್ಲಿ ಎರಡು ತಗ್ಗುಗಳಿವೆ. ಒಂದು ಸುಮಾರು 105 ಡಿಗ್ರಿ ಪಶ್ಚಿಮ, ಇನ್ನೊಂದು ಸುಮಾರು 75 ಡಿಗ್ರಿ ಪೂರ್ವ. ಕಕ್ಷೆಯಲ್ಲೇ ಸತ್ತುಬಿದ್ದ ಉಪಗ್ರಹಗಳು ಈ ತಗ್ಗಿನ ಎರಡೂ ಕಡೆ ಜೋಕಾಲಿಯ ಹಾಗೆ ತೂಗುತ್ತಾ ಇರುತ್ತವೆ. ಒಂದು ತೂಗಾಟಕ್ಕೆ ಎರಡು ವರ್ಷಕ್ಕೂ ಜಾಸ್ತಿ. ನಮ್ಮ ಹುಬ್ಬಳ್ಳಿಯ ರೇಖಾಂಶ 75.1! ಊರಿನ ನೇರ ದಕ್ಷಿಣದ ಆಕಾಶದಲ್ಲಿ ಜಗತ್ತಿನ ಅರ್ಧ ಗುಜರಿ ಜೋಕಾಲಿ ಆಡುತ್ತಿದೆ ಎಂದು ಗೆಳೆಯರಿಗೆ ಹೇಳಿದರೆ ನಗುತ್ತಾರೆ.

ನಿವೃತ್ತ_ಟೆಲಿಮೆಟ್ರಿ

ಅರ್ಧ ಅನ್ನುವುದು ಜಾಸ್ತಿಯಾಯಿತು, ಆದರೆ ವಿಷಯ ನಿಜ. 74ರಲ್ಲಿರುವ ಉಪಗ್ರಹಕ್ಕೆ ಪೂರ್ವ-ಪಶ್ಚಿಮದ ತಳ್ಳಾಟ ಕಡಿಮೆ, ಇಂಧನ ಉಳಿಯುತ್ತದೆ. ಉತ್ತರ-ದಕ್ಷಿಣದ ಖರ್ಚು ಮಾತ್ರ ಎಲ್ಲರಿಗೂ ಒಂದೇ. ಸೂರ್ಯ ಚಂದ್ರರ ಎಳೆತಕ್ಕೆ ಕಕ್ಷೆ ವರ್ಷಕ್ಕೆ ಸುಮಾರು 0.85 ಡಿಗ್ರಿ ಓರೆಯಾಗುತ್ತಾ ಹೋಗುತ್ತದೆ. ಯಾರೂ ಸರಿ ಮಾಡದಿದ್ದರೆ 15 ಡಿಗ್ರಿವರೆಗೆ ಓರೆಯಾಗಿ ವಾಪಸ್ ಬರುತ್ತದೆ. ಒಂದು ಸುತ್ತಿಗೆ ಸುಮಾರು 53 ವರ್ಷ. ದಿನದಲ್ಲಿ ಉತ್ತರ-ದಕ್ಷಿಣ ದೊಡ್ಡ 8ರ ಆಕಾರ ಬರೆಯುವ ಚುಕ್ಕೆ ಕಂಡರೆ, ಅದನ್ನು ಸಂಭಾಳಿಸುವವರು ಇಲ್ಲ ಅಥವಾ ಇಂಧನ ಉಳಿಸುತ್ತಿದ್ದಾರೆ ಎಂದರ್ಥ.

ತೆಂಗಿನತೋಪು

ಮೂರು ರಾತ್ರಿ ಕೂತೆ. ಮೊದಲ ಫಲಿತಾಂಶ ನಾಚಿಕೆಗೇಡು. ಫೋಟೋದ ನಕ್ಷತ್ರಗಳಿಂದ ಪ್ರತಿ ಚುಕ್ಕೆಯ ಸ್ಥಾನ ಅಳೆದು, ಟಿಎಲ್ಇ ಹೇಳುವ ಸ್ಥಾನದ ಜೊತೆ ಹೋಲಿಸಿದೆ. ಖ ಎಂಬುದು ಜಿಸ್ಯಾಟ್-18 ಎಂದು ಬಂತು. ಎರಡನೇ ರಾತ್ರಿ ಅದೇ ಖ ಜಿಸ್ಯಾಟ್-7 ಆಯಿತು. ಮೂರನೇ ರಾತ್ರಿ ಮತ್ತೆ 18. ಚುಕ್ಕೆಯನ್ನು ಬಿಡದೆ ಹಿಂಬಾಲಿಸಿದ್ದೇನೆ, ತಪ್ಪು ಅಲ್ಲಿ ಆಗಿಲ್ಲ.

ಆಮೇಲೆ ಹೊಳೆಯಿತು. ತೋಟದ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಲ್ಯಾಪ್‌ಟಾಪ್ ಗಡಿಯಾರ 3 ಸೆಕೆಂಡ್ ಹಿಂದೆ ಬಿದ್ದಿತ್ತು.

ಫೋಟಾನ್_ಎಣಿಕೆ

ಹಹ್ಹಾ, ಎಲ್ಲರೂ ಒಂದು ಸಲ ಬೀಳುವ ಗುಂಡಿ ಅದು. ಗಡಿಯಾರ 1 ಸೆಕೆಂಡ್ ತಪ್ಪಿದರೆ ಸ್ಥಾನ 15 ಆರ್ಕ್‌ಸೆಕೆಂಡ್ ತಪ್ಪುತ್ತದೆ. ಆ ದೂರದಲ್ಲಿ ಎರಡೂವರೆ ಕಿಲೋಮೀಟರಿಗೂ ಜಾಸ್ತಿ. 3 ಸೆಕೆಂಡಿಗೆ ಹತ್ತಿರ ಹತ್ತಿರ 8 ಕಿ.ಮೀ. ಗುಂಪಿನಲ್ಲಿ ಪಕ್ಕದವನ ಹೆಸರು ಹತ್ತಲು ಅಷ್ಟು ಸಾಕು. ಒಂದು ಜಿಪಿಎಸ್ ರಿಸೀವರ್ ತಂದು ಸಮಯ ಅದರಿಂದ ತೆಗೆದುಕೊಳ್ಳಿ. ಕ್ಯಾಮೆರಾದ ಶಟರ್ ತಡವನ್ನೂ ಒಂದು ಸಲ ಅಳೆದಿಡಿ.

ಆದರೆ ಮೂರು ರಾತ್ರಿಯ ಫೋಟೋಗಳನ್ನು ಎಸೆಯಬೇಡಿ. ಗಡಿಯಾರದ ತಪ್ಪು ನಾಲ್ಕೂ ಚುಕ್ಕೆಯನ್ನು ಒಂದೇ ಕಡೆಗೆ, ಒಂದೇ ಅಳತೆಗೆ ತಳ್ಳುತ್ತದೆ. ಒಂದರಿಂದ ಒಂದಕ್ಕೆ ಇರುವ ದೂರ ಕೆಡುವುದಿಲ್ಲ. ಅದಕ್ಕೇ ಒಂದೊಂದು ಚುಕ್ಕೆಗೆ ಒಂದೊಂದು ಹೆಸರು ಹುಡುಕಬೇಡಿ. ನಾಲ್ಕರ ಚಿತ್ರವನ್ನು ಒಟ್ಟಿಗೆ ತೆಗೆದುಕೊಂಡು, ಟಿಎಲ್ಇ ಕೊಡುವ ನಾಲ್ಕರ ಚಿತ್ರದ ಮೇಲೆ ಸರಿಸಿ ಸರಿಸಿ ಕೂರಿಸಿ. ನಾಲ್ಕು ಹೆಸರನ್ನು ನಾಲ್ಕು ಚುಕ್ಕೆಗೆ ಹಂಚುವ ಬಗೆ 24. ಇಪ್ಪತ್ತನಾಲ್ಕನ್ನೂ ಪರೀಕ್ಷೆ ಮಾಡಿ. ಒಂದು ಗಂಟೆಯ ಫೋಟೋ ಸಾಲದು, ಇಡೀ ರಾತ್ರಿಯ ಓಡಾಟ ಹೊಂದಬೇಕು. ಒಂದು ಕ್ಷಣಕ್ಕೆ ಹೊಂದುವ ತಪ್ಪು ಹೆಸರು ಎಂಟು ಗಂಟೆ ಹೊಂದಿಕೊಂಡು ಇರುವುದಿಲ್ಲ.

ಹೊಸಬಿ

ಒಂದು ಯೋಚನೆ ಬಂತು. ಈಗ ಮಾರ್ಚ್, ಹಗಲು ರಾತ್ರಿ ಸಮ ಇರುವ ವಿಷುವದ ಹತ್ತಿರ. ಭೂಸ್ಥಿರ ಉಪಗ್ರಹಗಳು ಮಧ್ಯರಾತ್ರಿ ಭೂಮಿಯ ನೆರಳಿಗೆ ಬೀಳುತ್ತವೆ ಎಂದು ಓದಿದ್ದೇನೆ. ನಾಲ್ಕೂ ಬೇರೆ ಬೇರೆ ಕ್ಷಣದಲ್ಲಿ ಆರಿದರೆ ಗುರುತು ಸಿಗಲ್ವಾ?

ಫೋಟಾನ್_ಎಣಿಕೆ

ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ಅರ್ಧಂಬರ್ಧ. 74 ಡಿಗ್ರಿಗೆ ನೆರಳಿನ ನಡುಗಾಲ ಮಾರ್ಚ್ ಮಧ್ಯದಲ್ಲಿ ನಮ್ಮ ಗಡಿಯಾರದಲ್ಲಿ ರಾತ್ರಿ ಸುಮಾರು 12.43. ಅದಕ್ಕೆ ಸುಮಾರು ಮೂವತ್ತೈದು ನಿಮಿಷ ಮೊದಲು ಆರಲು ಶುರು. ಸೂರ್ಯನಿಗೆ ಅಗಲ ಇರುವುದರಿಂದ ಪೂರ್ತಿ ಆರಲು ಎರಡು ನಿಮಿಷ ಬೇಕು. ಎಲ್ಲಕ್ಕಿಂತ ಪೂರ್ವದ್ದು ಮೊದಲು ಆರುತ್ತದೆ. 0.1 ಡಿಗ್ರಿ ಅಂತರಕ್ಕೆ 24 ಸೆಕೆಂಡ್ ವ್ಯತ್ಯಾಸ.

ಆದರೆ ಅದು ಹೇಳುವುದು ಯಾವುದು ಪೂರ್ವ, ಯಾವುದು ಪಶ್ಚಿಮ ಎಂದು ಮಾತ್ರ. ಅದು ಫೋಟೋದಲ್ಲೇ ಕಾಣುತ್ತಿದೆ. ನೆರಳಿಗೆ ಹೆಸರು ಗೊತ್ತಿಲ್ಲ. ಗಡಿಯಾರ ಸರಿ ಇದೆಯೇ ಎಂದು ನೋಡಲು ಬೇಕಾದರೆ ಬಳಸಿ.

ನೆರಳಿನ ಅಂಚಿನಲ್ಲಿ ಇನ್ನೊಂದು ನಡೆಯುತ್ತದೆ, ಅದು ಚಿನ್ನ. ಸೋಲಾರ್ ಫಲಕಗಳು ಉತ್ತರ-ದಕ್ಷಿಣದ ಕಂಬಕ್ಕೆ ಕಟ್ಟಿಕೊಂಡು ಸೂರ್ಯನ ಕಡೆಗೆ ತಿರುಗುತ್ತಾ ಇರುತ್ತವೆ. ಕನ್ನಡಿ ಇದ್ದ ಹಾಗೆ. ಸೂರ್ಯ ಸಮಭಾಜಕದಿಂದ ಎಷ್ಟು ದಕ್ಷಿಣಕ್ಕಿದ್ದಾನೋ, ಪ್ರತಿಫಲನ ಅಷ್ಟೇ ಉತ್ತರಕ್ಕೆ ಹೋಗುತ್ತದೆ. ಅರಸೀಕೆರೆ ಆ ಉಪಗ್ರಹದಿಂದ ನೋಡಿದರೆ 2.3 ಡಿಗ್ರಿ ಉತ್ತರದಲ್ಲಿದೆ. ಅಂದರೆ ಸೂರ್ಯ 2.3 ಡಿಗ್ರಿ ದಕ್ಷಿಣಕ್ಕಿರುವ ದಿನ ಹೊಳಪು ನಿಮ್ಮ ತೋಟಕ್ಕೆ ಬೀಳುತ್ತದೆ. ಲೆಕ್ಕ ಹಾಕಿದರೆ ಮಾರ್ಚ್ 14ರ ಆಸುಪಾಸು, ಆಮೇಲೆ ಸೆಪ್ಟೆಂಬರ್ 28ರ ಆಸುಪಾಸು. ಯುರೋಪಿನವರಿಗೆ ಈ ದಿನಗಳು ಬೇರೆ. ಅವರು ಇನ್ನೂ ಉತ್ತರದಲ್ಲಿರುವುದರಿಂದ ಮಾರ್ಚ್ ಶುರುವಿನಲ್ಲೇ ನೋಡಬೇಕು.

ಈಗ ಸ್ವಾರಸ್ಯದ ಭಾಗ. ಫಲಕ ಸೂರ್ಯನಿಗೆ ಸರಿಯಾಗಿ ನೇರ ಇದ್ದರೆ ಆ ಹೊಳಪಿನ ಕ್ಷಣಕ್ಕೆ ಉಪಗ್ರಹ ನೆರಳಿನೊಳಗೇ ಇರುತ್ತದೆ, ಕಾಣುವುದೇ ಇಲ್ಲ. ಆದರೆ ಎಷ್ಟೋ ಉಪಗ್ರಹಗಳ ಫಲಕ ಕೆಲವು ಡಿಗ್ರಿ ಆಚೀಚೆ ಇರುತ್ತದೆ. ಫಲಕ 5 ಡಿಗ್ರಿ ವಾಲಿದರೆ ಪ್ರತಿಫಲನ 10 ಡಿಗ್ರಿ ಸರಿಯುತ್ತದೆ, ಸಮಯದಲ್ಲಿ 40 ನಿಮಿಷ. ಆಗ ನೆರಳಿನ ಹೊರಗೇ ಫಳ್ಳೆಂದು ಹೊಳೆಯುತ್ತದೆ. ಎರಡು ರೆಕ್ಕೆಗಳ ವಾಲಿಕೆಯಲ್ಲಿ 1 ಡಿಗ್ರಿ ವ್ಯತ್ಯಾಸ ಇದ್ದರೆ 8 ನಿಮಿಷದ ಅಂತರದಲ್ಲಿ ಎರಡು ಸಲ ಹೊಳೆಯುತ್ತದೆ. ಹೊತ್ತು ಹೋದ ಹಾಗೆ ಹೊಳಪು ಏರಿಳಿಯುವುದನ್ನು ಗ್ರಾಫ್ ಬರೆದರೆ ಬರುವ ಹೊಳಪಿನ ಗೆರೆಗೂ, ಒಂದೊಂದು ಉಪಗ್ರಹಕ್ಕೆ ಹೀಗೆ ಒಂದೊಂದು ಚಾಳಿ ಇರುತ್ತದೆ. ಒಂದೇ ಮಾದರಿಯ ಉಪಗ್ರಹಗಳ ಗೆರೆ ಅಣ್ಣತಮ್ಮಂದಿರ ಮುಖದ ಹಾಗೆ ಹೋಲುತ್ತದೆ.

ನಿವೃತ್ತ_ಟೆಲಿಮೆಟ್ರಿ

ಫೋಟಾನ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನಿಮ್ಮ ನಾಲ್ಕರಲ್ಲಿ ಒಂದು ಕುಂಟ ಇದೆ. ಇನ್ಸಾಟ್-3ಡಿಆರ್ ಹವಾಮಾನದ ಉಪಗ್ರಹ. ಅದಕ್ಕೆ ರೆಕ್ಕೆ ಒಂದೇ ಕಡೆ. ಅದರ ಕ್ಯಾಮೆರಾದ ಇನ್‌ಫ್ರಾರೆಡ್ ಭಾಗ ತಣ್ಣಗಿರಬೇಕು. ಅದಕ್ಕೆ ಒಂದು ಬದಿ ಕತ್ತಲ ಆಕಾಶಕ್ಕೆ ಖಾಲಿ ಬಿಟ್ಟಿರುತ್ತಾರೆ. ಆ ಕಡೆ ಬಿಸಿ ಫಲಕ ಇಟ್ಟರೆ ಕೆಲಸ ಕೆಟ್ಟಿತು.

ಇದರ ಅಣ್ಣ ಇನ್ಸಾಟ್-3ಡಿಯಲ್ಲಿ ಇನ್ನೊಂದು ವ್ಯವಸ್ಥೆ ಮಾಡಿದ್ದರು. ಖಾಲಿ ಬದಿಗೆ ಬಿಸಿಲು ಬೀಳದ ಹಾಗೆ ವರ್ಷಕ್ಕೆರಡು ಸಲ ಇಡೀ ಉಪಗ್ರಹ ಅರ್ಧ ಸುತ್ತು ತಿರುಗಿ ನಿಲ್ಲುವುದು. ಅಂಥ ಉಪಗ್ರಹದ ಹೊಳಪಿನ ಗೆರೆ ವಿಷುವದ ಆಚೆಗೊಂದು, ಈಚೆಗೊಂದು ಇದ್ದರೆ ಆಶ್ಚರ್ಯ ಪಡಬೇಡಿ.

74ರಲ್ಲಿ ಹಿಂದೆ ಇದಕ್ಕಿಂತ ಸಣ್ಣದೊಂದು ಇತ್ತು. ಕಲ್ಪನಾ-1. 2002ರ ಸೆಪ್ಟೆಂಬರ್ 12ಕ್ಕೆ ಪಿಎಸ್‌ಎಲ್‌ವಿಯಲ್ಲಿ ಮೆಟ್‌ಸ್ಯಾಟ್ ಎಂಬ ಹೆಸರಿನಲ್ಲಿ ಹೋಯಿತು. ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ 2003ರ ಫೆಬ್ರುವರಿಯಲ್ಲಿ ಅವರ ಹೆಸರಿಟ್ಟರು. ಅದಕ್ಕೂ ಒಂದೇ ಫಲಕ, ಎರಡು ಮೀಟರ್ ಚಿಲ್ಲರೆ ಉದ್ದ. ಬಾಗಿಲಿನಷ್ಟು ಅನ್ನಿ. ಪಕ್ಕದ ದೊಡ್ಡವರ ನಡುವೆ ನಿಮ್ಮ 8 ಇಂಚಿಗೆ ಅದು ಸಿಗುತ್ತಿತ್ತೋ ಇಲ್ಲವೋ.

ಹುಬ್ಬಳ್ಳಿ_ಮುಗಿಲು

ಬಣ್ಣದಿಂದ ಗೊತ್ತಾಗಲ್ವಾ? ಫೋಟೋಗಳಲ್ಲಿ ಉಪಗ್ರಹದ ಮೈ ಬಂಗಾರದ ಹಾಳೆ ಸುತ್ತಿದ ಹಾಗಿರುತ್ತದೆ, ಫಲಕ ನೀಲಿ.

ಫೋಟಾನ್_ಎಣಿಕೆ

ಗೊತ್ತಾಗುತ್ತದೆ. ನೀಲಿ ಫಿಲ್ಟರ್, ಕೆಂಪು ಫಿಲ್ಟರ್ ಹಾಕಿ ಎರಡರ ಹೊಳಪಿನ ಅನುಪಾತ ತೆಗೆಯುತ್ತಾರೆ. ಮೈ ಬೆಳಕು ಜಾಸ್ತಿ ಇದ್ದಾಗ ಕೆಂಪಿಗೆ, ಫಲಕದ ಬೆಳಕು ಜಾಸ್ತಿ ಇದ್ದಾಗ ನೀಲಿಗೆ ವಾಲುತ್ತದೆ. ಆದರೆ ಒಂದೇ ಕ್ಯಾಮೆರಾದಲ್ಲಿ ಫಿಲ್ಟರ್ ಬದಲಾಯಿಸುವಷ್ಟರಲ್ಲಿ ಹೊಳಪೇ ಬದಲಾಗಿರುತ್ತದೆ. ಎರಡು ಟೆಲಿಸ್ಕೋಪ್ ಇದ್ದರೆ ವಾಸಿ.

ಅರಿಜೋನ_ಅಣ್ಣ

ನಾನು ಅರಿಜೋನದಲ್ಲಿದ್ದೇನೆ, ಮೂಲ ತಿಪಟೂರು. ಆಕಾರ ನೋಡಲು ಆಗುವುದಿಲ್ಲ ಎಂಬ ಮಾತಿಗೆ ಒಂದು ತಿದ್ದುಪಡಿ. 3.5 ಮೀಟರ್ ಕನ್ನಡಿಗೆ ಗಾಳಿಯ ನಡುಕ ಸರಿಪಡಿಸುವ ವ್ಯವಸ್ಥೆ ಹಾಕಿದರೆ ಆ ದೂರದಲ್ಲಿ 7 ಮೀಟರ್ ತನಕ ಬಿಡಿಸಿ ನೋಡಬಹುದು. 30 ಮೀಟರ್ ಉಪಗ್ರಹ ನಾಲ್ಕೈದು ಮಸುಕು ಚೌಕ ಆಗುತ್ತದೆ. ಆಕಾರ ಅನ್ನಬೇಕೋ ಬೇಡವೋ ನಿಮಗೆ ಬಿಟ್ಟಿದ್ದು.

ಇಲ್ಲಿ ಫ್ಲಾಗ್‌ಸ್ಟಾಫ್ ಹತ್ತಿರ ದೂರ ದೂರ ಇಟ್ಟ ಸಣ್ಣ ಕನ್ನಡಿಗಳ ಬೆಳಕು ಸೇರಿಸುವ ಇಂಟರ್‌ಫೆರೊಮೀಟರ್ ಒಂದಿದೆ. 2008ರ ಮಾರ್ಚ್‌ನಲ್ಲಿ ಅದರಿಂದ ಡೈರೆಕ್ಟಿವಿ-9ಎಸ್ ಎಂಬ ಭೂಸ್ಥಿರ ಉಪಗ್ರಹವನ್ನು ಹಿಡಿದರು. ಹೇಗೆ ಸಾಧ್ಯವಾಯಿತು ಗೊತ್ತಾ? ಫೋಟಾನ್ ಹೇಳಿದ ಅದೇ ಮಾರ್ಚ್ ಹೊಳಪಿನಿಂದ. ಬೇರೆ ದಿನ ಅದಕ್ಕೆ ಬೆಳಕು ಸಾಲುವುದಿಲ್ಲ.

ಗುರುತಿನ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಎಂಇವಿ-2 ಎಂಬ ಸಹಾಯಕ ಉಪಗ್ರಹದ್ದು. 2021ರ ಏಪ್ರಿಲ್ 12ಕ್ಕೆ ಅದು ಇಂಟೆಲ್‌ಸ್ಯಾಟ್ 10-02 ಬೆನ್ನಿಗೆ ಹೋಗಿ ಕೂತಿತು, ಇಂಧನ ಮುಗಿಯುತ್ತಾ ಬಂದವನಿಗೆ ಆಸರೆಯಾಗಿ. ಕೆಳಗಿನಿಂದ ಟೆಲಿಸ್ಕೋಪ್‌ಗಳು ನೋಡುತ್ತಿದ್ದವು. ಎರಡು ಚುಕ್ಕೆ ಹತ್ತಿರ ಬಂದು ಬಂದು ಕೊನೆಗೆ ಒಂದಾಯಿತು. ಆಮೇಲೆ ಉಳಿದಿದ್ದು ಹೊಳಪಿನ ಗೆರೆ ಮಾತ್ರ. ಒಂದೇ ಚುಕ್ಕೆಯೊಳಗೆ ಇಬ್ಬರಿದ್ದಾರೆ ಎಂದು ಹೊರಗಿನವರು ತಿಳಿಯಬೇಕಾದರೆ ಅದೊಂದೇ ದಾರಿ.

ಡಿಶ್_ರಿಪೇರಿ

ಹಾಗಾದರೆ ಕಳ್ಳತನದಲ್ಲಿ ಒಬ್ಬರ ಪಕ್ಕ ಒಬ್ಬರು ಹೋಗಿ ನಿಂತರೂ ಗೊತ್ತಾಗಲ್ಲ ಅನ್ನಿ.

ಅರಿಜೋನ_ಅಣ್ಣ

ಅದಕ್ಕೇ ಅಲ್ಲವೇ ಇಷ್ಟೆಲ್ಲ ಟೆಲಿಸ್ಕೋಪ್. ರಷ್ಯಾ 2014ರಲ್ಲಿ ಹಾರಿಸಿದ ಲುಚ್ ಒಲಿಂಪ್ ಬೇರೆಯವರ ಸಂಪರ್ಕ ಉಪಗ್ರಹಗಳ ಮಗ್ಗುಲಿಗೆ ಹೋಗಿ ಹೋಗಿ ನಿಂತಿತ್ತು. 2022ರ ಜನವರಿಯಲ್ಲಿ ಚೀನಾದ ಎಸ್‌ಜೆ-21 ಒಂದು ಸತ್ತ ಬೈಡೂ ಉಪಗ್ರಹವನ್ನು ಹಿಡಿದು ಮೇಲಿನ ಕಕ್ಷೆಗೆ ಎಳೆದುಕೊಂಡು ಹೋಯಿತು. ಹಿಡಿದಿದ್ದು ಹಗಲಿನಲ್ಲಿ. ರಾತ್ರಿ ನೋಡಿದವರಿಗೆ ಅದು ಇದ್ದ ಜಾಗದಲ್ಲಿ ಇರಲಿಲ್ಲ. ಬೆಳಕಿನ ಟೆಲಿಸ್ಕೋಪಿಗೆ ಹಗಲು ಕುರುಡು ನೋಡಿ.

ತೆಂಗಿನತೋಪು

ಇನ್ನೊಂದು ಗೋಳು. ನಿನ್ನೆ ಐದನೇ ಚುಕ್ಕೆ ಬಂದಿದೆ! ನಾಲ್ಕರ ಮಧ್ಯೆ ನಿಧಾನ ಪಶ್ಚಿಮಕ್ಕೆ ಹೋಗುತ್ತಿತ್ತು. ನಿಮಿಷಕ್ಕೆ 9-10 ಆರ್ಕ್‌ಸೆಕೆಂಡ್. ಒಂದೂಕಾಲು ಗಂಟೆಯಲ್ಲಿ ಗುಂಪನ್ನು ದಾಟಿ ಹೋಯಿತು. ನಡುನಡುವೆ ಮಿಣುಕುತ್ತಿತ್ತು. ಅದು ಖ ಹತ್ತಿರ ಬಂದಾಗ ನನ್ನ ಸಾಫ್ಟ್‌ವೇರ್ ಎರಡನ್ನೂ ಅದಲುಬದಲು ಮಾಡಿಬಿಟ್ಟಿತು.

ಹುಬ್ಬಳ್ಳಿ_ಮುಗಿಲು

ನಮ್ಮ ಗುಜರಿ!

ನಿವೃತ್ತ_ಟೆಲಿಮೆಟ್ರಿ

ಹುಬ್ಬಳ್ಳಿಯವರ ಜೋಕಾಲಿಯದಲ್ಲ ಅದು. ಆ ವೇಗ ನೋಡಿದರೆ ದಿನಕ್ಕೆ ಸುಮಾರು 3.8 ಡಿಗ್ರಿ. ಭೂಸ್ಥಿರ ಕಕ್ಷೆಗಿಂತ 300 ಕಿ.ಮೀ. ಮೇಲಿರುವ ವಸ್ತು ಅಷ್ಟೇ ವೇಗದಲ್ಲಿ ಹಿಂದೆ ಬೀಳುತ್ತದೆ. ಅದು ಮಸಣದ ಕಕ್ಷೆ. ಆಯುಷ್ಯ ಮುಗಿದ ಮೇಲೆ ಉಳಿದ ಇಂಧನದಲ್ಲಿ ಉಪಗ್ರಹವನ್ನು ಮೇಲೆ ತಳ್ಳಿ ಬಿಡುತ್ತಾರೆ. ಯಾರದೋ ಹಳೆಯ ಉಪಗ್ರಹ ನಿಮ್ಮ ಅಂಗಳದಲ್ಲಿ ಹಾದುಹೋಗಿದೆ.

ಮಿಣುಕಿದ್ದು ಉರುಳುತ್ತಿರುವುದರಿಂದ. ಮಿಣುಕಿನ ಅವಧಿ ಬರೆದಿಡಿ. ಸತ್ತವರ ಗುರುತಿಗೆ ಅದು ಬೇಕಾಗುತ್ತದೆ. ಆದರೆ ವರ್ಷ ಕಳೆದ ಮೇಲೆ ಅದೇ ಇರುತ್ತದೆ ಎಂದು ನಂಬಬೇಡಿ. ಬಿಸಿಲಿನ ಒತ್ತಡವೇ ಉರುಳಾಟದ ವೇಗವನ್ನು ಏರಿಸುತ್ತದೆ, ಇಳಿಸುತ್ತದೆ. ಅಮೆರಿಕದ ಗೋಸ್-8 ಹವಾಮಾನ ಉಪಗ್ರಹ ಸತ್ತ ಮೇಲೆ ಅದರ ಉರುಳಾಟ ಹೀಗೆ ಬದಲಾಗುವುದನ್ನು ಅಧ್ಯಯನ ಮಾಡಿದ್ದಾರೆ. ಅದೂ ನಮ್ಮ ಇನ್ಸಾಟ್ ಥರ ಒಂದು ರೆಕ್ಕೆಯದ್ದೇ. ಒಂದು ಕಡೆ ಭಾರ ಇದ್ದರೆ ಗಾಳಿಪಟ ಓಲಾಡುವುದಿಲ್ಲವೇ.

ಅರಿಜೋನ_ಅಣ್ಣ

ಚೂರುಗಳೂ ಇವೆ, ಮರೆಯಬೇಡಿ. ನಿಮ್ಮಿಂದ ಪಶ್ಚಿಮಕ್ಕೆ 60 ಡಿಗ್ರಿಯಲ್ಲಿದ್ದ ಇಂಟೆಲ್‌ಸ್ಯಾಟ್ 33ಇ 2024ರ ಅಕ್ಟೋಬರ್ 19ಕ್ಕೆ ಒಡೆದುಹೋಯಿತು. ಲಾ ಪಾಲ್ಮಾ ದ್ವೀಪದ 2.54 ಮೀಟರ್ ಟೆಲಿಸ್ಕೋಪಿನಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದವರು ಈ ಕಕ್ಷೆಯ ಮಂಕು ಚೂರುಗಳನ್ನು ಹುಡುಕಿ 2020ರಲ್ಲಿ ಪ್ರಕಟಿಸಿದರು. ಸಿಕ್ಕಿದ ಚೂರುಗಳಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಯಾವ ಸಾರ್ವಜನಿಕ ಪಟ್ಟಿಯಲ್ಲೂ ಇರಲಿಲ್ಲ. ಹೆಸರು ಅದಲುಬದಲಾಗಲು ಹೆಸರಾದರೂ ಇರಬೇಕಲ್ಲ.

ಹೊಸಬಿ

ನಮ್ಮ ದೇಶದಲ್ಲಿ ಇದನ್ನು ಯಾರು ನೋಡುತ್ತಾರೆ?

ಫೋಟಾನ್_ಎಣಿಕೆ

ಇಸ್ರೋದ ನೇತ್ರ ಯೋಜನೆ. ಅದರ ಕಂಟ್ರೋಲ್ ಸೆಂಟರ್ ಬೆಂಗಳೂರಿನ ಪೀಣ್ಯದಲ್ಲಿದೆ, 2020ರ ಡಿಸೆಂಬರ್ 14ಕ್ಕೆ ಶುರುವಾಯಿತು. ಪೀಣ್ಯ ಅಂದರೆ ಟ್ರಾಫಿಕ್ ಮಾತ್ರ ಅಂದುಕೊಂಡಿದ್ದೆ ನಾನು.

ತೆಂಗಿನತೋಪು

ಹನ್ನೊಂದು ರಾತ್ರಿ ಆಯಿತು. ಯುಗಾದಿಗೆ ಮೊದಲಿನ ದಿನಗಳಾದ್ದರಿಂದ ಚಂದ್ರನ ಕಾಟ ಇರಲಿಲ್ಲ. ಹೆಂಡತಿಯ ಕಾಟ ಇತ್ತು, ಹಗಲು ತೋಟದಲ್ಲಿ ತೂಕಡಿಸುತ್ತಿದ್ದೆನಲ್ಲ. ಜಿಪಿಎಸ್ ತಂದೆ. ಹಳೇ ಫೋಟೋಗಳನ್ನೂ ಸೇರಿಸಿ 24 ಬಗೆಯನ್ನೂ ಓಡಿಸಿದೆ.

ಘ ಎಲ್ಲ ರಾತ್ರಿಯೂ ಜಿಸ್ಯಾಟ್-11ರ ಓಡಾಟಕ್ಕೇ ಹೊಂದಿತು. ಎಂಟನೇ ರಾತ್ರಿ ಅದು ಇರಬೇಕಾದ ದಾರಿ ಬಿಟ್ಟು ಸರಿಯಲು ಶುರು ಮಾಡಿತು, ಉಳಿದ ಮೂರು ಸುಮ್ಮನಿದ್ದವು. ಎರಡು ದಿನದ ಮೇಲೆ ಬಂದ ಹೊಸ ಟಿಎಲ್ಇಯಲ್ಲಿ ಬದಲಾಗಿದ್ದು ಜಿಸ್ಯಾಟ್-11ರ ಅಂಕಿ. ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಡ.

ಗ ಓಡಾಟದಲ್ಲಿ ಇನ್ಸಾಟ್-3ಡಿಆರ್‌ಗೆ ಹೊಂದುತ್ತದೆ. ಹೊಳಪಿನ ಗೆರೆಯೂ ಒಪ್ಪುತ್ತದೆ. ನೆರಳಿನಿಂದ ಹೊರಬಂದ ಮೇಲೆ ಒಂದೇ ಸಲ ಹೊಳೆದು ಇಳಿಯಿತು, ಮೂರು ರಾತ್ರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕ ಎರಡು ಸಲ ಹೊಳೆಯಿತು, ನಡುವೆ 9 ನಿಮಿಷ. ಎರಡು ರೆಕ್ಕೆ ಇರಲೇಬೇಕು.

ಫೋಟಾನ್_ಎಣಿಕೆ

ಗ ವಿಷಯದಲ್ಲಿ ಒಂದು ಕೊಕ್ಕೆ. ಎರಡು ರೆಕ್ಕೆ ಇದ್ದು ಎರಡೂ ಒಂದೇ ಥರ ವಾಲಿದ್ದರೂ ಒಂದೇ ಸಲ ಹೊಳೆಯುತ್ತದೆ. ಎರಡು ಸಲ ಹೊಳೆದದ್ದು ಎರಡು ರೆಕ್ಕೆಗೆ ಸಾಕ್ಷಿ. ಒಂದು ಸಲ ಹೊಳೆದದ್ದು ಒಂದು ರೆಕ್ಕೆಗೆ ಸಾಕ್ಷಿಯಲ್ಲ. ಓಡಾಟವೂ ಹೊಂದುವುದರಿಂದ ನಿಮ್ಮ ತೀರ್ಮಾನ ಒಪ್ಪುತ್ತೇನೆ, ಹೊಳಪೊಂದೇ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಕ ಮತ್ತು ಖ?

ತೆಂಗಿನತೋಪು

ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಐದನೇ ರಾತ್ರಿ ಮೋಡ ಇತ್ತು. ಅವತ್ತೇ ಕ, ಖ ಎರಡೂ ಬಹಳ ಹತ್ತಿರ ದಾಟಿರಬೇಕು. ಆರನೇ ರಾತ್ರಿಯಿಂದ ನಾನು ಕ ಎನ್ನುತ್ತಿರುವುದು ಮೊದಲಿನ ಕ ಹೌದೋ ಅಲ್ಲವೋ ಗೊತ್ತಿಲ್ಲ. ಎರಡು ಸಲ ಹೊಳೆದದ್ದು ಮೋಡದ ನಂತರದ ಕ. ಅದಕ್ಕೆ ಮೊದಲು ಮಧ್ಯರಾತ್ರಿಯ ಫೋಟೋ ತೆಗೆದಿರಲಿಲ್ಲ, ಹನ್ನೊಂದಕ್ಕೆ ಮಲಗುತ್ತಿದ್ದೆ. ಜಿಸ್ಯಾಟ್-7 ಮತ್ತು 18ರ ಟಿಎಲ್ಇಗಳು ಮೋಡಕ್ಕೆ ಮೊದಲು ಒಂದು ಹೇಳುತ್ತವೆ, ಆಮೇಲೆ ಇನ್ನೊಂದು. ತಪ್ಪಿದ್ದು ನಾನೋ ಪಟ್ಟಿಯೋ?

ನಿವೃತ್ತ_ಟೆಲಿಮೆಟ್ರಿ

ಇಬ್ಬರೂ ಇರಬಹುದು. ಎರಡರಲ್ಲಿ ಒಂದು ಎಂಜಿನ್ ಉರಿಸುವ ತನಕ ಕಾಯಿರಿ. ಎರಡು ವಾರದಲ್ಲಿ ಒಂದಲ್ಲ ಒಂದು ಅಲುಗಾಡುತ್ತದೆ.

ಡಿಶ್_ರಿಪೇರಿ

ಅಥವಾ ನನಗೆ ಫೋನ್ ಮಾಡಿ, ಫ್ರೀಕ್ವೆನ್ಸಿ ನೋಡಿ ಹೇಳುತ್ತೇನೆ 😀

ಫೋಟಾನ್_ಎಣಿಕೆ

ನಿಮ್ಮ ಡಿಶ್ 2 ಡಿಗ್ರಿ ನೋಡುತ್ತದೆ ಸ್ವಾಮಿ. ಎರಡೂ ಬದುಕಿವೆ ಎಂದು ಹೇಳಬಹುದು, ಯಾವುದು ಎಡಕ್ಕಿದೆ ಎಂದು ಹೇಳಲು ಆಗಲ್ಲ.

ತೆಂಗಿನತೋಪು

ಸರಿ, ಕಾಯುತ್ತೇನೆ. ಸೆಪ್ಟೆಂಬರ್ 28ಕ್ಕೆ ಮತ್ತೆ ಹೊಳಪಿನ ದಿನ ಅಂದಿರಲ್ಲ, ಅಷ್ಟರಲ್ಲಿ ಎರಡನೇ ಟೆಲಿಸ್ಕೋಪ್ ಒಂದನ್ನು ಸಾಲ ತರುತ್ತೇನೆ. ಒಂದಕ್ಕೆ ನೀಲಿ ಫಿಲ್ಟರ್, ಇನ್ನೊಂದಕ್ಕೆ ಕೆಂಪು. ಹಿಂಗಾರು ಮಳೆ ಬೇಗ ಶುರುವಾಗದಿದ್ದರೆ ಸಾಕು. ತೋಟಕ್ಕೆ ಬೇಕು, ಆ ಒಂದು ವಾರ ಮಾತ್ರ ಬೇಡ.